ಹಳೆಯ ಡೀಸೆಲ್ ಕಾರು ಮೈನಸ್ 15ರಲ್ಲಿ ಸ್ಟಾರ್ಟ್ ಆಗಲ್ಲ, ಬೇಸಿಗೆಯಲ್ಲಿ ಹೀಟ್ ಆಗುತ್ತೆ: ದೊಡ್ಡ ಬ್ಯಾಟರಿ ಹಾಕಿಸಲೋ, ಡೀಸೆಲ್‌ಗೆ ಅಡಿಟಿವ್ ಹಾಕಲೋ?

ಈ ಪ್ರಶ್ನೆ ಒಂದು ಕಾಲಕ್ಕೆ ನನ್ನದೂ ಆಗಿತ್ತು, ಹಾಗಾಗಿ ಸುತ್ತಿ ಬಳಸಿ ಹೇಳಲ್ಲ. ಸದ್ಯಕ್ಕೆ ಎರಡೂ ಬೇಡ. ಮೊದಲು ಒಬ್ಬರನ್ನು ಸೈಲೆನ್ಸರ್ ಕಾಣುವ ಕಡೆ ನಿಲ್ಲಿಸಿ ಸೆಲ್ಫ್ ಹೊಡೆಯಿರಿ.

ಬಿಳಿ ಹೊಗೆ ದಟ್ಟವಾಗಿ ಬಂದೂ ಇಂಜಿನ್ ಹಿಡಿಯದಿದ್ದರೆ ಡೀಸೆಲ್ ಸಿಲಿಂಡರಿಗೆ ಬರುತ್ತಿದೆ, ಹೊತ್ತಿಕೊಳ್ಳುತ್ತಿಲ್ಲ. ಹೊಗೆಯೇ ಇಲ್ಲ ಅಂದರೆ ಡೀಸೆಲ್ ಅಲ್ಲಿಗೆ ಬಂದೇ ಇಲ್ಲ. ಸೆಲ್ಫ್ ಮುಲುಗುತ್ತಾ ನಿಧಾನಕ್ಕೆ ತಿರುಗಿದರೆ ಮಾತ್ರ ಬ್ಯಾಟರಿ ಮತ್ತು ಆಯಿಲ್ ಕಡೆ ನೋಡಿ. ಈ ಮೂರರಲ್ಲಿ ನಿಮ್ಮದು ಯಾವುದು ಅಂತ ಗೊತ್ತಾಗದೆ ದುಡ್ಡು ಬಿಚ್ಚಬೇಡಿ.

ಬಿಳಿ ಹೊಗೆಗೆ ಮೊದಲ ಅನುಮಾನ ಹೀಟರ್ ಪ್ಲಗ್ ಮೇಲೆ, ಅಂದರೆ ಸ್ಟಾರ್ಟ್ ಮಾಡುವ ಮೊದಲು ಸಿಲಿಂಡರಿನ ಒಳಗೆ ಬಿಸಿ ಮಾಡುವ ಪ್ಲಗ್. ಪ್ಲಗ್‌ಗಳನ್ನು ಜೋಡಿಸುವ ಪಟ್ಟಿ ಬಿಚ್ಚಿ, ಮಲ್ಟಿಮೀಟರಿನ ಒಂದು ತುದಿ ಪ್ಲಗ್ಗಿನ ತಲೆಗೆ, ಇನ್ನೊಂದು ಇಂಜಿನ್ ಬಾಡಿಗೆ ಇಡಿ. 12 ವೋಲ್ಟಿನ ಒಳ್ಳೆ ಪ್ಲಗ್ ತಣ್ಣಗಿರುವಾಗ ಸುಮಾರು ಅರ್ಧದಿಂದ ಒಂದೂವರೆ ಓಮ್ ತೋರಿಸುತ್ತೆ. ಏನೂ ತೋರಿಸದಿದ್ದರೆ ಒಳಗೆ ಕಡಿದಿದೆ. ನಾಲ್ಕರಲ್ಲಿ ಒಂದು ಹೋದರೆ ಇಂಜಿನ್ ನಡುಗುತ್ತಾ ಹಿಡಿಯುತ್ತೆ, ಎರಡು ಹೋದರೆ ಮೈನಸ್ 15ರಲ್ಲಿ ಆಸೆ ಬಿಡಿ. ನಾಲ್ಕೂ ಸರಿ ಇದ್ದರೆ ಪಟ್ಟಿ ವಾಪಸ್ ಹಾಕಿ, ಕೀ ಆನ್ ಮಾಡಿದಾಗ ಅದಕ್ಕೆ ಕರೆಂಟು ಬರುತ್ತಿದೆಯಾ ನೋಡಿ. ಬರದಿದ್ದರೆ ರಿಲೇ, ಇಲ್ಲವೇ ದಪ್ಪ ಪಟ್ಟಿ ಫ್ಯೂಸ್. ಹಳೆ ಪ್ಲಗ್‌ಗಳನ್ನು ಇಂಜಿನ್ ಬಿಸಿ ಇರುವಾಗಲೇ, ಹಿಂದಿನ ರಾತ್ರಿ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟು, ಸ್ವಲ್ಪ ಬಿಚ್ಚಿ ಸ್ವಲ್ಪ ಬಿಗಿದು ತೆಗೆಯಿರಿ. ತುದಿ ಸಿಲಿಂಡರ್ ಹೆಡ್ಡಿನಲ್ಲೇ (ಇಂಜಿನ್ನಿನ ಮೇಲ್ಭಾಗ) ಮುರಿದರೆ ಹೆಡ್ ಬಿಚ್ಚುವ ಕೆಲಸ ಬೀಳಬಹುದು. ಹೀಟರ್ ಪ್ಲಗ್ ಇರುವ ಇಂಜಿನ್ನಿಗೆ ಬೇಗ ಸ್ಟಾರ್ಟ್ ಆಗಲಿ ಅಂತ ಈಥರ್ ಸ್ಪ್ರೇ ಹೊಡೆಯಲೇಬೇಡಿ. ಕೆಂಪಗೆ ಕಾದ ತುದಿಗೆ ತಗುಲಿ ಹೊತ್ತಲ್ಲದ ಹೊತ್ತಲ್ಲಿ ಸಿಡಿದು ಪಿಸ್ಟನ್ನನ್ನೇ ಒಡೆಯುತ್ತೆ.

ಹೊಗೆಯೇ ಬರದ ಕೇಸಿನಲ್ಲೇ ಎಲ್ಲರೂ ಎಡವುವುದು. ಡೀಸೆಲ್‌ನಲ್ಲಿ ಸಹಜವಾಗಿಯೇ ಮೇಣದ ಅಂಶ ಇರುತ್ತೆ. ಚಳಿಗೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುವ ಹಾಗೆ ಮೊದಲು ಡೀಸೆಲ್ ಮಂಜುಮಂಜಾಗಿ, ಆಮೇಲೆ ಹರಳುಗಟ್ಟುತ್ತೆ. ಟ್ಯಾಂಕಿನಲ್ಲಿ ಇನ್ನೂ ನೀರಿನ ಹಾಗೇ ಇರುತ್ತೆ, ಆದರೆ ಹರಳುಗಳು ಫಿಲ್ಟರ್ ಕಾಗದದ ಮೇಲೆ ಕೂತು ದಾರಿ ಮುಚ್ಚುತ್ತವೆ. ಆಗ ಜನ ಅಡಿಟಿವ್ ಬಾಟಲಿ ತಂದು ಟ್ಯಾಂಕಿಗೆ ಸುರಿಯುತ್ತಾರೆ. ಚಳಿಗೆ ಹಾಕುವ ಸಾಮಾನ್ಯ ಅಡಿಟಿವ್ ಮಾಡುವುದು ಒಂದೇ ಕೆಲಸ, ಹರಳು ಹುಟ್ಟುವಾಗ ದೊಡ್ಡದಾಗಿ ಬೆಳೆಯದಂತೆ ತಡೆಯುವುದು. ಹುಟ್ಟಿ ಬೆಳೆದ ಹರಳನ್ನು ಅದು ಕರಗಿಸಲ್ಲ. ಅಲ್ಲದೆ ನೀವು ಹಾಕಿದ್ದು ಟ್ಯಾಂಕಿಗೆ, ಕಟ್ಟಿಕೊಂಡಿರುವುದು ಬೋನೆಟ್ ಕೆಳಗಿನ ಫಿಲ್ಟರ್. ಮಧ್ಯದ ಪೈಪಿನಲ್ಲಿ ಏನೂ ಹರಿಯುತ್ತಿಲ್ಲ, ಬಾಟಲಿಯ ಮದ್ದು ಅಲ್ಲಿಗೆ ಹೋಗುವುದಾದರೂ ಹೇಗೆ? ಇದು ತಿಳಿಯದೆ ಮತ್ತೆ ಮತ್ತೆ ಸೆಲ್ಫ್ ಹೊಡೆಯುತ್ತಾರೆ. ಬ್ಯಾಟರಿ ಇಳಿಯುತ್ತೆ, ಸ್ಟಾರ್ಟರ್ ಬಿಸಿಯೇರುತ್ತೆ, ಸಿಲಿಂಡರಿಗೆ ಡೀಸೆಲ್ ತಳ್ಳುವ, ಆ ಡೀಸೆಲ್ಲಿನಿಂದಲೇ ಜಿಡ್ಡು ಪಡೆಯುವ ರೋಟರಿ ಪಂಪ್ ಒಣಗಿಕೊಂಡು ತಿರುಗುತ್ತೆ. ಇಷ್ಟಾದ ಮೇಲೆ ಯಾರೋ ಬಂದು 'ಪೆಟ್ರೋಲ್ ಬೆರೆಸಿ' ಅನ್ನುತ್ತಾರೆ. ಕೆಲವು ಹಳೆ ಮ್ಯಾನುಯಲ್‌ಗಳು ಚಳಿಗೆ ಪೆಟ್ರೋಲ್ ಬೆರೆಸಲು ಅವಕಾಶ ಕೊಟ್ಟಿದ್ದು ನಿಜ. ಆದರೆ ಪೆಟ್ರೋಲಿಗೆ ಜಿಡ್ಡಿಲ್ಲ, ಸವೆದ ಪಂಪಿಗೆ ಅದು ವಿಷ. ಟ್ಯಾಂಕಿನೊಳಗಿನ ಆವಿಯೂ ಸುಲಭವಾಗಿ ಹೊತ್ತಿಕೊಳ್ಳುತ್ತೆ. ತುಂಬಾ ಹೆಚ್ಚು ಪ್ರೆಷರಿನಲ್ಲಿ ಡೀಸೆಲ್ ಸಿಂಪಡಿಸುವ ಕಾಮನ್ ರೈಲ್ ಇಂಜಿನ್ನಾದರೆ ಆ ಮಾತೇ ಬೇಡ.

ಕಟ್ಟಿಕೊಂಡ ಮೇಲೆ ಉಳಿಯುವ ಮುಖ್ಯ ಮದ್ದು ಶಾಖ. ಫಿಲ್ಟರಿಗೆ ಬಟ್ಟೆ ಸುತ್ತಿ ಬಿಸಿನೀರು ಹಾಕಿ, ಬೆಂಕಿ ಹತ್ತಿರ ತರಬೇಡಿ. ಇಲ್ಲವೇ ಹೊಸ ಫಿಲ್ಟರಿಗೆ ಚಳಿಗಾಲದ ಡೀಸೆಲ್ ತುಂಬಿಸಿ ಕೂರಿಸಿ ಪೈಪಿನಲ್ಲಿ ಸಿಕ್ಕಿಕೊಂಡ ಏರ್ ತೆಗೆಯಿರಿ. ಟ್ಯಾಂಕೂ ಗಟ್ಟಿಯಾಗಿದ್ದರೆ ಕಾರನ್ನು ಬೆಚ್ಚಗಿನ ಶೆಡ್ಡಿಗೆ ತಳ್ಳಿ ಗಂಟೆಗಟ್ಟಲೆ ಕಾಯುವುದೇ. ಮುಂದಿನ ಸಲಕ್ಕೆ, ಚಳಿ ಶುರುವಾಗುವ ಮೊದಲೇ ಬೇಸಿಗೆಯ ಡೀಸೆಲ್ ಖಾಲಿ ಮಾಡಿ ಚಳಿಗಾಲದ್ದು ತುಂಬಿಸಿ. ಯುರೋಪಿನ ಡೀಸೆಲ್ ಮಾನದಂಡ ಇಎನ್ 590ರಲ್ಲಿ ಫಿಲ್ಟರ್ ಕಟ್ಟುವ ತಾಪಮಾನದ ಮಿತಿ ದರ್ಜೆಗೆ ತಕ್ಕಂತೆ +5ರಿಂದ ಮೈನಸ್ 44 ಡಿಗ್ರಿವರೆಗೆ ಬದಲಾಗುತ್ತೆ, ಬಂಕಿನಲ್ಲಿ ಯಾವುದಿದೆ ಅಂತ ಕೇಳಿ. ತುಂಬಿಸಿದ ಮೇಲೆ ಸ್ವಲ್ಪ ದೂರ ಓಡಿಸಿ, ಹೊಸ ಡೀಸೆಲ್ ಫಿಲ್ಟರಿನವರೆಗೂ ಬರಬೇಕು. ಅಡಿಟಿವ್ ಹಾಕುವುದೇ ಆದರೆ ಡೀಸೆಲ್ ಇನ್ನೂ ತಿಳಿಯಾಗಿರುವಾಗ, ಬಂಕಿನಲ್ಲಿ ತುಂಬಿಸುವ ಮುಂಚೆ ಹಾಕಿ. ಅದೇ ಸಮಯಕ್ಕೆ ಫಿಲ್ಟರಿನ ತಳದ ಸ್ಕ್ರೂ ಸಡಿಲಿಸಿ ಒಂದು ಗಾಜಿನ ಜಾರಿಗೆ ಸ್ವಲ್ಪ ಹಿಡಿಯಿರಿ. ನೀರಿದ್ದರೆ ತಳದಲ್ಲಿ ಬೇರೆ ಪದರವಾಗಿ ಕೂರುತ್ತೆ. ಅದು ಮಂಜುಗಡ್ಡೆಯಾದರೂ ಪರಿಣಾಮ ಮೇಣದ್ದೇ.

ಹೊಗೆ ಇಲ್ಲದ್ದಕ್ಕೆ ಇನ್ನೊಂದು ಕಾರಣ ಗಟ್ಟಿಯಾದ ರಬ್ಬರ್ ಹೋಸ್. ಡೀಸೆಲ್ ಸೋರದಿದ್ದರೂ ಗಾಳಿ ಎಳೆದುಕೊಳ್ಳುತ್ತೆ. ಪಂಪಿಗೆ ಹೋಗುವ ಕಡೆ ಒಂದು ತುಂಡು ಪಾರದರ್ಶಕ ಹೋಸ್ ಹಾಕಿದರೆ ಗುಳ್ಳೆ ಕಣ್ಣಿಗೇ ಕಾಣುತ್ತೆ.

ಇನ್ನು ಬ್ಯಾಟರಿ. ರಾತ್ರಿಯಿಡೀ ನಿಂತ ಮೇಲೆ 12.6 ವೋಲ್ಟ್ ಇರಬೇಕು. ಪೂರ್ತಿ ಚಾರ್ಜಾದ ಬ್ಯಾಟರಿ ಮೈನಸ್ 50ರಲ್ಲೂ ಹೆಪ್ಪುಗಟ್ಟಲ್ಲ, ಖಾಲಿಯಾದದ್ದು ಮೈನಸ್ 10ರ ಸುಮಾರಿಗೇ ಗಟ್ಟಿಯಾಗಬಹುದು. ಇನ್ನು ಇಂಜಿನ್ ಆಯಿಲ್. ಡಬ್ಬದ ಮೇಲಿನ ಡಬ್ಲ್ಯೂ ಸಂಖ್ಯೆ ಕಡಿಮೆಯಾದಷ್ಟೂ ಚಳಿಯಲ್ಲಿ ಅದು ತೆಳು. 15ಡಬ್ಲ್ಯೂ ಆಯಿಲ್ ಸೆಲ್ಫಿಗೆ ತಿರುಗಬಲ್ಲಷ್ಟು ತೆಳುವಾಗಿದೆಯಾ ಅಂತ ಪರೀಕ್ಷಿಸುವುದು ಮೈನಸ್ 20ರಲ್ಲಿ, 5ಡಬ್ಲ್ಯೂ ಆದರೆ ಮೈನಸ್ 30ರಲ್ಲಿ. ಮ್ಯಾನುಯಲ್ ಒಪ್ಪಿದರೆ ಚಳಿಗಾಲಕ್ಕೆ 5ಡಬ್ಲ್ಯೂ-40 ಹಾಕಿ.

ಬೇಸಿಗೆಯ ಹೀಟಿಂಗಿಗೆ ಥರ್ಮೋಸ್ಟ್ಯಾಟ್ (ಇಂಜಿನ್ ಬಿಸಿಯಾದಾಗ ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ವಾಲ್ವ್) ಕಿತ್ತು ಬಿಸಾಡುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಬೈಪಾಸ್ (ರೇಡಿಯೇಟರ್ ತಪ್ಪಿಸಿ ಹೋಗುವ ದಾರಿ) ಮುಚ್ಚುವ ಥರದ ಥರ್ಮೋಸ್ಟ್ಯಾಟ್ ಆಗಿದ್ದರೆ, ಅದನ್ನು ತೆಗೆದ ಮೇಲೆ ಒಂದಷ್ಟು ಕೂಲೆಂಟ್ ರೇಡಿಯೇಟರಿಗೆ ಹೋಗದೆ ಇಂಜಿನ್ನಿನಲ್ಲೇ ಸುತ್ತಿ ಇನ್ನೂ ಹೀಟ್ ಆಗುತ್ತೆ. ಬರೀ ನೀರು ಹಾಕುತ್ತಾ ಹೋಗುವುದೂ ತಪ್ಪು. ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಸಮಸಮ ಇದ್ದರೆ ಸುಮಾರು ಮೈನಸ್ 37ರವರೆಗೆ ಹೆಪ್ಪುಗಟ್ಟಲ್ಲ, ರೇಡಿಯೇಟರ್ ಕ್ಯಾಪ್ ಸರಿ ಇದ್ದರೆ 120 ದಾಟಿದ ಮೇಲೇ ಕುದಿಯುವುದು. ರೇಡಿಯೇಟರ್ ರೆಕ್ಕೆಗಳ ಮಧ್ಯದ ಧೂಳನ್ನು ಇಂಜಿನ್ ಕಡೆಯಿಂದ ಹೊರಕ್ಕೆ, ಕಡಿಮೆ ಪ್ರೆಷರಿನ ನೀರಿನಲ್ಲಿ ತೊಳೆಯಿರಿ. ವಿಸ್ಕಸ್ ಫ್ಯಾನ್ (ಬಿಸಿಯಾದಾಗ ಬಿಗಿಯಾಗಿ ಹಿಡಿದು ತಿರುಗುವ ಫ್ಯಾನ್) ಇದ್ದರೆ ಬಿಸಿ ಇಂಜಿನ್ ಆಫ್ ಮಾಡಿ ಕೈಯಲ್ಲಿ ತಿರುಗಿಸಿ ನೋಡಿ. ತಡೆಯೇ ಇಲ್ಲದೆ ಗಿರಗಿರ ತಿರುಗಿದರೆ ಅದರ ಕಥೆ ಮುಗಿದಿದೆ.

ಬಿಸಿ ಇರುವಾಗ ಮಾತ್ರ ಸ್ಟಾರ್ಟ್ ಆಗದೆ, ತಣ್ಣಗಾದ ಮೇಲೆ ಒಂದೇ ಸೆಲ್ಫಿಗೆ ಹಿಡಿಯುತ್ತಿದ್ದರೆ ಡೀಸೆಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯಿರಿ. ತಣ್ಣೀರು ಒಮ್ಮೆಲೇ ಸುರಿಯಬೇಡಿ. ಪಂಪ್ ತಣಿದ ತಕ್ಷಣ ಇಂಜಿನ್ ಹಿಡಿದರೆ ಬಿಸಿಗೆ ತೆಳುವಾದ ಡೀಸೆಲ್ ಸವೆದ ಪಂಪ್ ಹೆಡ್ಡಿನೊಳಗೇ (ಪಂಪಿನಲ್ಲಿ ಪ್ರೆಷರ್ ಹುಟ್ಟಿಸುವ ಭಾಗ) ಸೋರಿ ಪ್ರೆಷರ್ ಏರುತ್ತಿಲ್ಲ. ಅದಕ್ಕೆ ಪಂಪ್ ಬಿಚ್ಚಿಸಿ ಹೆಡ್ ಬದಲಿಸುವುದೇ ದಾರಿ, ಯಾವ ಬಾಟಲಿಯೂ ಕೆಲಸ ಮಾಡಲ್ಲ.