ಒಂದು ಪದ ಸರಿಯೋ ತಪ್ಪೋ ಎಂಬ ವಾದ ಯಾಕೆ ಮುಗಿಯುವುದೇ ಇಲ್ಲ?

ಯಾಕೆಂದರೆ ಇಬ್ಬರ ಅಳತೆಯೂ ಬೇರೆ. ಒಬ್ಬರಿಗೆ ಶಾಲೆಯಲ್ಲಿ ಕಲಿತ ನಿಯಮವೇ ಸರಿ, ಇನ್ನೊಬ್ಬರಿಗೆ ಜನ ಆಡುವ ಮಾತೇ ಸರಿ.

ಮನೆಮಾತಿನ ವ್ಯಾಕರಣವನ್ನು ಯಾರೂ ಪುಸ್ತಕದಿಂದ ಕಲಿಯುವುದಿಲ್ಲ. ಸುತ್ತಲಿನವರ ಮಾತು ಕೇಳಿ ಕೇಳಿಯೇ 5-6 ವರ್ಷದೊಳಗೆ ಬಹುಪಾಲು ತಲೆಯಲ್ಲಿ ಕೂತುಬಿಡುತ್ತದೆ. ಹಾಗಾಗಿ ಬೇರೆ ರೂಪ ಕಿವಿಗೆ ಬಿದ್ದ ಕೂಡಲೇ ‘ತಪ್ಪು’ ಅನಿಸುತ್ತದೆ. ಅದಕ್ಕೆ ನಿಯಮ ಹುಡುಕುವುದು ಆಮೇಲೆ. ‘ಬರ್ತೀನಿ’ ಅನ್ನುವವರಿಗೆ ‘ಬರ್ತೇನೆ’ ವಿಚಿತ್ರವಾಗಿ ಕೇಳಬಹುದು. ಆದರೆ ಎರಡೂ ತಮ್ಮ ತಮ್ಮ ಕಡೆಯ ಮಾತಿನ ನಿಯಮಕ್ಕೆ ಸರಿಯಾದ ರೂಪಗಳೇ. ಒಬ್ಬರ ಮಾತನ್ನು ತಪ್ಪು ಅಂದರೆ ಅವರ ಮನೆಯವರನ್ನೇ ಆಡಿಕೊಂಡ ಹಾಗೆ, ಅಲ್ವಾ? ಕೋಪ ಬರುವುದು ಅಲ್ಲೇ.

ಪಠ್ಯಪುಸ್ತಕ, ಕಾನೂನಿನ ಬರಹಗಳ ವಿಷಯ ಬೇರೆ. ಎಲ್ಲ ಕಡೆಯವರೂ ಓದುವುದರಿಂದ ಒಂದೇ ರೂಪ ಬೇಕು. ಅಲ್ಲಿ ನಿಯಮ ಹಿಡಿದು ವಾದಿಸುವವರ ಪರ ನಾನೂ ಇದ್ದೇನೆ.