ಅಣ್ಣನಿಗೆ ಎಚ್‌ಐವಿ ಇದ್ದರೆ ಮನೆಯಲ್ಲಿ ತಾಟು ಬೇರೆ ಮಾಡಬೇಕೇ?

ಮುಂಬೈಗೆ ಗುಳೆ ಹೋಗಿದ್ದ ಅಣ್ಣನಿಗೆ ಎಚ್‌ಐವಿ ಇರುವುದು ಗೊತ್ತಾಗಿದೆ, ಅವ್ವ ಹೆದರಿ ತಾಟು, ಚರಿಗೆ ಬೇರೆ ಮಾಡಿದ್ದಾರೆ, ವೈನಿಗೆ ಇನ್ನೂ ತಿಳಿಸಿಲ್ಲ, ಏನು ಮಾಡಲಿ ಎಂದು ಕೇಳಿದ್ದೀರಿ. ನಾನು ಯಾದಗಿರಿ ಜಿಲ್ಲೆಯ ಸರ್ಕಾರಿ ಆಸ್ಪತ್ರೆಯೊಂದರ ಎಚ್‌ಐವಿ ಪರೀಕ್ಷಾ ಕೇಂದ್ರದಲ್ಲಿ ಆಪ್ತಸಮಾಲೋಚಕಿ. ಈ ಪ್ರಶ್ನೆ ಹೊತ್ತು ಬರುವವರನ್ನು ದಿನವೂ ಕಾಣುತ್ತೇನೆ.

ಮೊದಲು ಆ ತಾಟನ್ನು ಉಳಿದ ತಾಟುಗಳ ಜೊತೆ ಇಡಿ. ಎಂಜಲು, ಬೆವರು, ಸೊಳ್ಳೆ, ಒಂದೇ ಬಚ್ಚಲು, ಒಂದೇ ಹಾಸಿಗೆ, ಇವ್ಯಾವುದರಿಂದಲೂ ಈ ವೈರಾಣು ಹರಡುವುದಿಲ್ಲ. ರಕ್ಷಣೆಯಿಲ್ಲದ ಲೈಂಗಿಕ ಸಂಪರ್ಕ, ಸೋಂಕಿನ ರಕ್ತ, ಒಬ್ಬರಿಗೆ ಚುಚ್ಚಿದ ಸೂಜಿ, ತಾಯಿಯಿಂದ ಮಗು: ಅದಕ್ಕಿರುವ ದಾರಿಗಳು ಇಷ್ಟೇ. ಗಡ್ಡ ಹೆರೆಯುವ ಬ್ಲೇಡು ಮಾತ್ರ ಅವರದು ಅವರಿಗಿರಲಿ.

ಬೇರೆ ತಾಟು ಯಾರನ್ನೂ ಕಾಯುವುದಿಲ್ಲ, ರೋಗಿಯನ್ನು ಕೊಲ್ಲುತ್ತದೆ. ನೆರೆಮನೆಯವರು ನೋಡುತ್ತಾರೆ, ಓಣಿಗೆಲ್ಲ ಸುದ್ದಿಯಾಗುತ್ತದೆ, ಆಮೇಲೆ ಅವರು ಗುಳಿಗೆ ನುಂಗಲೂ ಅಂಜುತ್ತಾರೆ. ಡಬ್ಬಿ ಸದ್ದು ಮಾಡುತ್ತದೆಂದು ಗುಳಿಗೆಗಳನ್ನು ಕಾಗದದಲ್ಲಿ ಕಟ್ಟಿ ಜೋಳದ ಚೀಲದಲ್ಲಿ ಹುದುಗಿಸಿಟ್ಟವರನ್ನು, ಮನೆಗೆ ಬೀಗರು ಬಂದರೆಂದು ಅಷ್ಟೂ ದಿನ ಗುಳಿಗೆ ಬಿಟ್ಟವರನ್ನು ನಾನು ಕಂಡಿದ್ದೇನೆ. ಹಾಗೆ ಬಿಟ್ಟುಬಿಟ್ಟು ನುಂಗಿದರೆ ವೈರಾಣು ಔಷಧಕ್ಕೆ ಬಗ್ಗದಂತಾಗುತ್ತದೆ. ಅವ್ವನಿಗೆ ನಿಮ್ಮ ಮಾತು ನಂಬಿಕೆಯಾಗದಿದ್ದರೆ, ಅಣ್ಣ ಒಪ್ಪಿದರೆ, ಅವರನ್ನೂ ಕೇಂದ್ರಕ್ಕೆ ಕರೆದುಕೊಂಡು ಬನ್ನಿ.

ಎಚ್‌ಐವಿ ಎಂದರೆ ಏಡ್ಸ್ ಅಲ್ಲ. ಚಿಕಿತ್ಸೆಯಿಲ್ಲದೆ ವರ್ಷಗಟ್ಟಲೆ ಬಿಟ್ಟಾಗ ಮೈಯ ರೋಗನಿರೋಧಕ ಶಕ್ತಿ ಕುಸಿದು, ಕ್ಷಯದಂತಹ ರೋಗಗಳು ಮುತ್ತುವ ಹಂತ ಏಡ್ಸ್. 2004ರಿಂದ ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ, ಅಂದರೆ ಎಚ್‌ಐವಿ ಚಿಕಿತ್ಸಾ ಕೇಂದ್ರಗಳಲ್ಲಿ, ಔಷಧ ಉಚಿತ. 2017ರಿಂದ ಸಿಡಿ4 (ರೋಗನಿರೋಧಕ ಶಕ್ತಿ ತೋರಿಸುವ ರಕ್ತಕಣಗಳ) ಎಣಿಕೆ ಎಷ್ಟೇ ಇರಲಿ, ಸೋಂಕು ಖಚಿತವಾದವರೆಲ್ಲರಿಗೂ ಚಿಕಿತ್ಸೆ ಕೊಡುತ್ತಾರೆ. ಬಹುತೇಕರಿಗೆ ದಿನಕ್ಕೆ ಒಂದೇ ಗುಳಿಗೆ. ತಪ್ಪದೆ ನುಂಗಿದವರು ಎಲ್ಲರಂತೆ ದುಡಿದು, ಮಕ್ಕಳ ಮದುವೆ ಮಾಡಿ, ಮೊಮ್ಮಕ್ಕಳನ್ನು ಕಾಣುವಷ್ಟು ಬದುಕುತ್ತಾರೆ. ರಕ್ತದಲ್ಲಿ ವೈರಾಣು ಪರೀಕ್ಷೆಗೆ ಸಿಗದಷ್ಟು ಇಳಿದು ಹಾಗೆಯೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಅದು ದಾಟುವುದಿಲ್ಲ. ಅದು ಪರೀಕ್ಷೆಯಲ್ಲಿ ಖಚಿತವಾಗುವವರೆಗೆ ಕಾಂಡೋಮ್ ಬೇಕೇ ಬೇಕು.

ಇನ್ನು ವೈನಿಯ ವಿಷಯ. ನೀವಾಗಿ ಹೇಳಬೇಡಿ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ರೋಗಿಯ ಗುಟ್ಟನ್ನು ಕಾಯುತ್ತದೆ. ಆದರೆ ಅಣ್ಣನ ಬೆನ್ನು ಬೀಳಿ, ಈ ವಾರವೇ ಹೇಳಲಿ. ಬಾಯಿ ಬರದಿದ್ದರೆ ಇಬ್ಬರೂ ಕೇಂದ್ರಕ್ಕೆ ಬರಲಿ. ಗಂಡ ಹೆಂಡತಿಯನ್ನು ಎದುರು ಕೂರಿಸಿಕೊಂಡು ನಿಧಾನವಾಗಿ ಹೇಳುವುದು ನಮ್ಮ ಕೆಲಸವೇ. ವೈನಿಯ ಮೊದಲ ಪರೀಕ್ಷೆಯಲ್ಲಿ ಸೋಂಕು ಕಾಣದಿದ್ದರೂ ಮೂರು ತಿಂಗಳ ನಂತರ ಮತ್ತೊಮ್ಮೆ ಮಾಡಿಸಬೇಕು, ಏಕೆಂದರೆ ಹೊಸ ಸೋಂಕು ತಕ್ಷಣ ಪರೀಕ್ಷೆಗೆ ಸಿಗುವುದಿಲ್ಲ. ಆಕೆ ಬಸುರಿಯಾಗಿದ್ದರಂತೂ ಒಂದು ದಿನವೂ ತಡ ಮಾಡಬೇಡಿ. ಸೋಂಕಿದ್ದರೂ ಬೇಗ ಔಷಧ ಶುರುವಾದರೆ ಮಗುವಿಗೆ ದಾಟುವ ಅಪಾಯ ನೂರಕ್ಕೆ 5ಕ್ಕಿಂತ ಕೆಳಗಿಳಿಯುತ್ತದೆ. ಏನೂ ಮಾಡದಿದ್ದರೆ ಅದು 45ರವರೆಗೂ ಹೋಗಬಹುದು. ಇನ್ನೊಂದು ಮಾತು: ಹೆಂಡತಿಗೂ ಸೋಂಕು ಕಂಡರೆ ನಮ್ಮ ಕಡೆ ಬೆರಳು ಮೊದಲು ಆಕೆಯತ್ತಲೇ ತಿರುಗುತ್ತದೆ. ಆಗ ನೀವು ಆಕೆಯ ಪಕ್ಕದಲ್ಲಿ ನಿಲ್ಲಿ.

ಅಣ್ಣ ಮತ್ತೆ ಮುಂಬೈಗೆ ಹೊರಟರೆ ಔಷಧ ನಿಲ್ಲಬೇಕಿಲ್ಲ. ಹೊರಡುವ ಮೊದಲೇ ಎಆರ್‌ಟಿ ಕೇಂದ್ರಕ್ಕೆ ತಿಳಿಸಿ ಅಲ್ಲಿಗೆ ವರ್ಗಾವಣೆ ಬರೆಸಿಕೊಳ್ಳಲಿ, ಅಲ್ಲಿಯೂ ಔಷಧ ಉಚಿತವೇ. ಹೆಸರು ಹೇಳದೆ ಏನಾದರೂ ಕೇಳಬೇಕೆಂದರೆ 1097ಕ್ಕೆ ಕರೆ ಮಾಡಿ, ಅದಕ್ಕೆ ಹಣ ಬೀಳುವುದಿಲ್ಲ.