ಓದುಗರ ಪ್ರಶ್ನೆ: ಹಳೆಯ ಕಾರ್ಬ್ಯುರೇಟರ್‌ಗೆ ಹೊಸ ಏರ್ ಫಿಲ್ಟರ್

ಪ್ರಶ್ನೆ: ನನ್ನ ಬಳಿ 1963ರ ಎಂಜಿಬಿ ಕಾರು ಇದೆ. 1798 ಸಿಸಿ ಎಂಜಿನ್, ಒಂದೂವರೆ ಇಂಚಿನ ಎರಡು ಎಸ್‌ಯು ಎಚ್‌ಎಸ್4 ಕಾರ್ಬ್ಯುರೇಟರ್‌ಗಳು. ತುಕ್ಕು ತಿಂದಿದ್ದ ಮೂಲ ಫಿಲ್ಟರ್ ಡಬ್ಬಿಗಳನ್ನು ತೆಗೆದು, ಎಣ್ಣೆ ಸವರಿದ ಹತ್ತಿಬಟ್ಟೆಯ ಚಪ್ಪಟೆ ಫಿಲ್ಟರ್‌ಗಳನ್ನು ಹಾಕಿದ್ದೇನೆ. ನಿಂತಲ್ಲಿ ಎಂಜಿನ್ ಸರಾಗವಾಗಿ ಓಡುತ್ತದೆ. ಏರುದಾರಿಯಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಮಾತ್ರ ಉಸಿರುಕಟ್ಟಿದಂತಾಗಿ ಎಳೆಯುವುದೇ ಇಲ್ಲ. ಹಳೆಯ ಡಬ್ಬಿಗಳನ್ನು ಮರಳಿ ಹಾಕಿದರೆ ತೊಂದರೆ ಇರುವುದಿಲ್ಲ. ಹೆಚ್ಚು ಗಾಳಿ ಬಿಡುವ ಫಿಲ್ಟರ್‌ನಿಂದ ಶಕ್ತಿ ಕಡಿಮೆಯಾಗುವುದು ಹೇಗೆ? ಜೊತೆಗೆ, ವಾಲ್ವ್ ಕವರ್‌ನಿಂದ ಮುಂದಿನ ಡಬ್ಬಿಗೆ ಬರುತ್ತಿದ್ದ ಕೊಳವೆಗೆ ಹೊಸ ಫಿಲ್ಟರ್‌ನಲ್ಲಿ ಜಾಗವಿಲ್ಲ. ಅದರ ಬಾಯಿ ಮುಚ್ಚಿಬಿಡಬಹುದೇ?

ಉತ್ತರ: ಫಿಲ್ಟರ್ ಬಟ್ಟೆಯನ್ನು ದೂರುವ ಮೊದಲು ಅದರ ಹಿಂದಿರುವ ಗ್ಯಾಸ್ಕೆಟ್ (ಎರಡು ಭಾಗಗಳ ನಡುವೆ ಕೂರುವ ತೆಳು ಹಾಳೆ) ಬಿಚ್ಚಿ ನೋಡಿ. ನೀವು ವಿವರಿಸಿರುವ ಲಕ್ಷಣಗಳಿಗೆ ಅದೇ ಕಾರಣವಾಗಿರುವ ಸಾಧ್ಯತೆ ಹೆಚ್ಚು.

ಎಸ್‌ಯು ಕಾರ್ಬ್ಯುರೇಟರ್‌ನಲ್ಲಿ ಗಾಳಿಯ ದಾರಿಯನ್ನು ತೆರೆಯುವ ಪಿಸ್ಟನ್ ಮೇಲೇರುವುದು ಅದರ ಮೇಲಿನ ಮತ್ತು ಕೆಳಗಿನ ಒತ್ತಡಗಳ ವ್ಯತ್ಯಾಸದಿಂದ. ಎಂಜಿನ್ ಗಾಳಿ ಎಳೆದಾಗ ಉಂಟಾಗುವ ಒತ್ತಡದ ಇಳಿಕೆ ಪಿಸ್ಟನ್‌ನೊಳಗಿನ ರಂಧ್ರದ ಮೂಲಕ ಮೇಲಿನ ಕೋಣೆಯನ್ನು ತಲುಪುತ್ತದೆ. ಪಿಸ್ಟನ್‌ನ ಕೆಳಭಾಗಕ್ಕೆ ಹೊರಗಿನ ಗಾಳಿಯ ಒತ್ತಡವನ್ನು ತಲುಪಿಸುವುದು, ಫಿಲ್ಟರ್ ಕೂರುವ ಫ್ಲೇಂಜ್‌ನ (ಚಪ್ಪಟೆ ಅಂಚಿನ) ಮುಖದಲ್ಲಿ ಕೊರೆದಿರುವ ಸಣ್ಣ ರಂಧ್ರಗಳು. ಗ್ಯಾಸ್ಕೆಟ್ ತಲೆಕೆಳಗಾಗಿ ಕುಳಿತರೆ, ಅಥವಾ ಹೊಸ ಫಿಲ್ಟರ್‌ನ ಹಿಂಬದಿ ತಗಡಿನಲ್ಲಿ ಅದಕ್ಕೆ ಹೊಂದುವ ತೂತುಗಳೇ ಇಲ್ಲದಿದ್ದರೆ, ಈ ದಾರಿ ಮುಚ್ಚಿಹೋಗುತ್ತದೆ. ಐಡ್ಲಿಂಗ್‌ನಲ್ಲಿ, ಅಂದರೆ ನಿಂತಲ್ಲಿ ಓಡುವಾಗ, ಪಿಸ್ಟನ್ ಹೆಚ್ಚೇನೂ ಏಳಬೇಕಾಗಿಲ್ಲವಾದ್ದರಿಂದ ಅಲ್ಲಿ ದೋಷ ಕಾಣುವುದಿಲ್ಲ. ಥ್ರಾಟಲ್ (ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಬಾಗಿಲು) ಪೂರ್ತಿ ತೆರೆದಾಗ ಪಿಸ್ಟನ್ ಅರ್ಧದಲ್ಲೇ ನಿಂತು ಗಾಳಿಯ ದಾರಿಗೆ ಅಡ್ಡವಾಗುತ್ತದೆ. ಗ್ಯಾಸ್ಕೆಟ್ಟನ್ನೂ ತಗಡನ್ನೂ ಫ್ಲೇಂಜ್‌ಗೆ ಒಂದೊಂದಾಗಿ ಹಿಡಿದು, ರಂಧ್ರಗಳು ತೆರೆದಿವೆಯೇ ಎಂದು ಕಣ್ಣಾರೆ ನೋಡಿ. ತೂತು ಕೊರೆಯಬೇಕಾಗಿ ಬಂದರೆ ಅದು ಫಿಲ್ಟರ್‌ನ ಒಳಭಾಗಕ್ಕೇ ತೆರೆದುಕೊಳ್ಳಬೇಕು. ಹೊರಗೆ ತೆರೆದರೆ ಧೂಳು ನೇರವಾಗಿ ಪಿಸ್ಟನ್‌ನ ಕೆಳಗೆ ಸೇರುತ್ತದೆ. ಕೊರೆಯುವ ಕೆಲಸವನ್ನು ತಗಡನ್ನು ಕಾರಿನಿಂದ ದೂರ ಒಯ್ದು ಮಾಡಿ.

ಇನ್ನು ಕೊಳವೆಯ ವಿಷಯ. ದಯವಿಟ್ಟು ಅದರ ಬಾಯಿ ಮುಚ್ಚಬೇಡಿ. ಸಿಲಿಂಡರ್‌ಗಳಲ್ಲಿನ ಪಿಸ್ಟನ್‌ಗಳ ರಿಂಗ್‌ಗಳನ್ನು ದಾಟಿ ಕೆಳಗಿಳಿಯುವ ಅನಿಲ ಎಂಜಿನ್ನಿನೊಳಗೆ ಒತ್ತಡ ಹೆಚ್ಚಿಸುತ್ತದೆ, ಆ ಒತ್ತಡ ಎಣ್ಣೆಯನ್ನು ಸೀಲ್‌ಗಳ ಮೂಲಕ ಹೊರದಬ್ಬುತ್ತದೆ. ಹಾಗೆಂದು ಸುಮ್ಮನೆ ತೆರೆದು ಬಿಡುವುದೂ ಸರಿಯಲ್ಲ. ಎಣ್ಣೆಯ ಆವಿ ಬಾನೆಟ್ಟಿನಡಿ ಹರಡುತ್ತದೆ, ಧೂಳು ಒಳಹೋಗಲು ದಾರಿಯೂ ಆಗುತ್ತದೆ. ಮುಂದಿನ ಫಿಲ್ಟರ್‌ನ ಹಿಂಬದಿ ತಗಡಿಗೆ ಕೊಳವೆ ಸಿಕ್ಕಿಸುವ ಮೂತಿಯೊಂದನ್ನು ಕೂರಿಸಿಕೊಳ್ಳುವುದೇ ನನಗೆ ಒಪ್ಪಿಗೆಯಾದ ಮಾರ್ಗ.

ಹಳೆಯ ಡಬ್ಬಿ ನೋಡಲು ಒರಟಾದರೂ ಹಲವು ಕೆಲಸ ಮಾಡುತ್ತಿತ್ತು ಎಂಬುದನ್ನು ಇಲ್ಲಿ ಒತ್ತಿ ಹೇಳಲೇಬೇಕು. ಗಾಳಿ ಎಳೆಯುವ ಸದ್ದನ್ನು ಅದು ತಗ್ಗಿಸುತ್ತಿತ್ತು. ಡಬ್ಬಿಯ ಮೂತಿ ತಣ್ಣನೆಯ ಕಡೆಗೆ ತಿರುಗಿದ್ದರೆ, ಎಕ್ಸಾಸ್ಟ್ ಕಡೆಯ ಬಿಸಿಗಾಳಿ ಒಳಸೇರುತ್ತಿರಲಿಲ್ಲ. ತೆರೆದ ಫಿಲ್ಟರ್ ತನ್ನ ಸುತ್ತ ಏನಿದೆಯೋ ಅದನ್ನೇ ಎಳೆಯುತ್ತದೆ. ಗಾಳಿಯ ಉಷ್ಣತೆ 3 ಡಿಗ್ರಿ ಸೆಲ್ಸಿಯಸ್ ಏರಿದರೆ ಅದರ ಸಾಂದ್ರತೆ ಸುಮಾರು ಶೇಕಡಾ 1ರಷ್ಟು ಇಳಿಯುತ್ತದೆ. ಬಾನೆಟ್ಟಿನಡಿಯ ಗಾಳಿ ಹೊರಗಿನದಕ್ಕಿಂತ 30 ಡಿಗ್ರಿ ಬಿಸಿಯಾಗಿದ್ದರೆ, ಹೊಸ ಫಿಲ್ಟರ್ ಗಳಿಸಿಕೊಟ್ಟದ್ದಕ್ಕಿಂತ ಹೆಚ್ಚನ್ನು ಬಿಸಿಯೇ ಕಸಿದುಕೊಂಡಿರುತ್ತದೆ. ಆದ್ದರಿಂದ ಎಕ್ಸಾಸ್ಟ್ ಮತ್ತು ಕಾರ್ಬ್ಯುರೇಟರ್‌ಗಳ ನಡುವಿನ ತಡೆತಗಡನ್ನು ಎಂದಿಗೂ ತೆಗೆದುಹಾಕಬೇಡಿ.

ಚಪ್ಪಟೆ ಫಿಲ್ಟರ್‌ನ ತಗಡಿನ ಚೂಪು ಅಂಚಿನ ಮೇಲೆ ಹಾಯುವ ಗಾಳಿ ಸುಳಿಯಾಗಿ ಒಡೆಯುತ್ತದೆ, ತುತ್ತೂರಿಯಂತೆ ಅಗಲವಾದ ಬಾಯಿಯಿದ್ದರೆ ನಯವಾಗಿ ಹರಿಯುತ್ತದೆ. ಫಿಲ್ಟರ್‌ನೊಳಗೆ ಕೂರುವ ಗಿಡ್ಡ ತುತ್ತೂರಿಗಳು ದೊರೆತರೆ ಹಾಕಿಸಿ, ಆದರೆ ಅದರ ಬಾಯಿಗೂ ಫಿಲ್ಟರ್‌ನ ಮುಚ್ಚಳಕ್ಕೂ ನಡುವೆ ಸಾಕಷ್ಟು ಅಂತರ ಉಳಿಯಬೇಕು. 1.8 ಲೀಟರಿನ ಎಂಜಿನ್ ನಿಮಿಷಕ್ಕೆ 5400 ಸುತ್ತು ತಿರುಗುವಾಗ, ಲೆಕ್ಕದ ಪ್ರಕಾರ ನಿಮಿಷಕ್ಕೆ ಗರಿಷ್ಠ 4860 ಲೀಟರ್ ಗಾಳಿ ಎಳೆಯಬಲ್ಲದು. ಅಷ್ಟು ಗಾಳಿ ಎರಡು ತೀರ ತೆಳುವಾದ ಫಿಲ್ಟರ್‌ಗಳಲ್ಲಿ ಹಾಯಬೇಕೆಂದರೆ ಕಷ್ಟ. ಬಾನೆಟ್ಟಿನಡಿ ಜಾಗವಿದ್ದಷ್ಟು ಆಳವಾದುದನ್ನೇ ಆರಿಸಿ.

ಪ್ರಶ್ನೆ: ಫಿಲ್ಟರ್ ಬದಲಿಸಿದ ಮೇಲೆ, ಪೆಟ್ರೋಲ್ ಅಳೆದು ಬಿಡುವ ನೀಡಲ್‌ಗಳನ್ನೂ ಬದಲಿಸಲೇಬೇಕೆ? ಪೆಟ್ರೋಲ್ ಹೊರಬರುವ ಜೆಟ್‌ನ ನಟ್ ತಿರುಗಿಸಿ ಸರಿಪಡಿಸಿದರೆ ಸಾಲದೆ?

ಉತ್ತರ: ತಡೆ ಕಡಿಮೆಯಾದಾಗ ಜೆಟ್‌ನ ಮೇಲಿನ ಸೆಳೆತವೂ ಕಡಿಮೆಯಾಗಿ, ಮಿಶ್ರಣ ಸಾಮಾನ್ಯವಾಗಿ ತೆಳುವಾಗುತ್ತದೆ, ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆಯಾಗುತ್ತದೆ. ನಟ್ ತಿರುಗಿಸಿದರೆ ಜೆಟ್ ಮೇಲೆ ಕೆಳಗೆ ಸರಿದು ಎಲ್ಲ ವೇಗಗಳಲ್ಲೂ ಪೆಟ್ರೋಲ್ ಬದಲಾಗುತ್ತದೆ. ವೇಗ ಹೆಚ್ಚಿದಾಗ ಮಾತ್ರ ಬೇಕಾದ ಹೆಚ್ಚುವರಿ ಪೆಟ್ರೋಲನ್ನು ಕೊಡುವುದು ನೀಡಲ್‌ನ ಇಳಿಜಾರು. ಮೊದಲು ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ಪಿಸ್ಟನ್ ಎತ್ತುವ ಪಿನ್ನಿನಿಂದ ಪಿಸ್ಟನನ್ನು ಸುಮಾರು 0.8 ಮಿಲಿಮೀಟರ್ ಎತ್ತಿ. ಎಂಜಿನ್ನಿನ ವೇಗ ಏರಿ ಹಾಗೇ ಉಳಿದರೆ ಪೆಟ್ರೋಲ್ ಹೆಚ್ಚು, ಎಂಜಿನ್ ನಿಲ್ಲುವಂತಾದರೆ ಪೆಟ್ರೋಲ್ ಕಡಿಮೆ, ಒಂದು ಕ್ಷಣ ಚೂರು ಏರಿ ಮತ್ತೆ ಇಳಿದರೆ ಸರಿ. ನಟ್ಟನ್ನು ಒಂದೊಂದು ಮುಖದಷ್ಟೇ ತಿರುಗಿಸಿ. ಇದು ಐಡ್ಲಿಂಗ್‌ನ ಪರೀಕ್ಷೆ ಮಾತ್ರ. ಹೊರೆಯಲ್ಲಿ ಏನಾಗುತ್ತಿದೆ ಎಂಬುದಕ್ಕೆ ಎಕ್ಸಾಸ್ಟ್‌ನಲ್ಲಿ ಆಮ್ಲಜನಕ ಮಾಪಕ ಇಟ್ಟು ಅಳೆಯುವುದೇ ಒಳ್ಳೆಯದು. ಪೂರ್ತಿ ಥ್ರಾಟಲ್‌ನಲ್ಲಿ ಗಾಳಿ–ಪೆಟ್ರೋಲ್ ಅನುಪಾತ 12.5ರಿಂದ 13ರ ಆಸುಪಾಸಿನಲ್ಲಿರಬೇಕು. ಸೀಸರಹಿತ ಪೆಟ್ರೋಲ್‌ನಲ್ಲಿ ಪ್ಲಗ್‌ನ ಬಣ್ಣವನ್ನಷ್ಟೇ ನಂಬುವುದು ಕಷ್ಟ. ಅನುಪಾತ 13ಕ್ಕಿಂತ ಮೇಲಿದ್ದರೆ, ಪೆಟ್ರೋಲ್ ಹೆಚ್ಚು ಬಿಡುವ ಒಂದೇ ಗುರುತಿನ ಎರಡು ನೀಡಲ್‌ಗಳನ್ನು ಹಾಕಿ.

ಪ್ರಶ್ನೆ: ಫಿಲ್ಟರ್ ಬೇಡವೆಂದು ತುತ್ತೂರಿಗಳ ಬಾಯಿಗೆ ತಂತಿಬಲೆ ಮಾತ್ರ ಹಾಕಿದರೆ?

ಉತ್ತರ: ರಸ್ತೆಯ ಕಾರಿಗೆ ಖಂಡಿತ ಬೇಡ. ಬಲೆ ತಡೆಯುವುದು ಕಲ್ಲುಗಳನ್ನು, ಧೂಳನ್ನಲ್ಲ. ಆ ಧೂಳು ಸಿಲಿಂಡರ್‌ನ ಗೋಡೆಯನ್ನೂ ಥ್ರಾಟಲ್‌ನ ಕಡ್ಡಿಯನ್ನೂ ತೇಯುತ್ತದೆ. ಕಾರ್ಬ್ಯುರೇಟರ್ ಹಿಂದಕ್ಕೆ ಬೆಂಕಿ ಉಗುಳಿದಾಗ ಅದನ್ನು ತಡೆಯಲು ಒಂದು ಒಳ್ಳೆಯ ಫಿಲ್ಟರ್ ಸಹಾಯವಾಗುತ್ತದೆ ಎಂಬುದನ್ನೂ ಮರೆಯಬೇಡಿ. ಸ್ಪಂಜಿನ ಫಿಲ್ಟರ್ ಹಾಕಿದ್ದರೆ ಆಗಾಗ ಬೆರಳಿನಿಂದ ಒತ್ತಿ ನೋಡಿ. ಹಳತಾದ ಸ್ಪಂಜು ಪುಡಿಯಾಗಿ ಎಂಜಿನ್ನಿನೊಳಗೆ ಹೋಗುತ್ತದೆ. ಹಾಗೆಯೇ ಫಿಲ್ಟರ್‌ನೊಳಗಿನ ಬೋಲ್ಟುಗಳಿಗೆ ಲಾಕ್ ವಾಷರ್ ಹಾಕದೆ ಬಿಡಬೇಡಿ, ಏಕೆಂದರೆ ಅಲ್ಲಿ ಸಡಿಲಗೊಂಡ ನಟ್ಟಿಗೆ ಎಂಜಿನ್ನಿನೊಳಗೆ ಹೋಗುವ ದಾರಿ ನೇರವಾಗಿದೆ.